ಆಂಜಿಯೊಪ್ಲಾಸ್ಟಿಯ ನಂತರದ ಹನ್ನೆರಡು ತಿಂಗಳು: ಕಾರವಾರ, ಅಂಕೋಲಾ ತಾಲ್ಲೂಕುಗಳ ಕುರಿತು ಒಂದು ಟಿಪ್ಪಣಿ

ಹೃದಯಾಘಾತದಿಂದ ಉಳಿದುಬಂದವರು ಮಾತ್ರೆ ಬಿಡುವುದೇಕೆ ಎಂದು ಕೇಳಿದರೆ ಮರೆವು, ಅಸಡ್ಡೆ, ತಿಳಿವಳಿಕೆಯ ಕೊರತೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಮಟ್ಟಿಗೆ ಈ ಉತ್ತರ ಸಾಲದು ಎಂಬುದು ನನ್ನ ವಾದ. ಇಲ್ಲಿನವರಿಗೆ ಸ್ಟೆಂಟ್ ಹಾಕುವ ಊರು ಬಹುಪಾಲು ಬೇರೆ, ಮಾತ್ರೆ ನುಂಗುತ್ತ ಬದುಕಬೇಕಾದ ಊರು ಬೇರೆ. ಚಿಕಿತ್ಸೆ ತುಂಡಾಗುವುದು ಈ ಎರಡರ ನಡುವೆ.

ತುಂಡಾದರೆ ಏನಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ ಅಥವಾ ಅದೇ ಬಗೆಯ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕೊಡುತ್ತಾರೆ. ಸ್ಟೆಂಟಿನ ಒಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಈ ಜೋಡಿ. ಅಮೆರಿಕದ 19 ಆಸ್ಪತ್ರೆಗಳಲ್ಲಿ ಹೃದಯಾಘಾತದ ನಂತರ ಔಷಧಲೇಪಿತ ಸ್ಟೆಂಟ್ ಪಡೆದ 500 ಜನರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಏಳರಲ್ಲಿ ಒಬ್ಬರು ಒಂದೇ ತಿಂಗಳಲ್ಲಿ ಈ ಎರಡನೆಯ ಮಾತ್ರೆ ಬಿಟ್ಟಿದ್ದರು. ಮುಂದಿನ 11 ತಿಂಗಳಲ್ಲಿ ಬಿಟ್ಟವರ ಪೈಕಿ ಶೇ 7.5ರಷ್ಟು, ಮುಂದುವರಿಸಿದವರ ಪೈಕಿ ಶೇ 0.7ರಷ್ಟು ಮಂದಿ ತೀರಿಕೊಂಡರು. ಬಿಟ್ಟವರು ಮೊದಲೇ ಹೆಚ್ಚು ಬಡವರೂ ಕಾಯಿಲೆಸ್ಥರೂ ಆಗಿರಬಹುದು ಎಂಬ ಆಕ್ಷೇಪವನ್ನು ಒಪ್ಪೋಣ. ಒಪ್ಪಿದರೂ ಹತ್ತು ಪಟ್ಟಿನ ಅಂತರವನ್ನು ಪಕ್ಕಕ್ಕೆ ಸರಿಸಲಾಗದು.

ನಮ್ಮ ದೇಶದ ಚಿತ್ರ ಇನ್ನೂ ಕಳವಳದ್ದು. ಭಾರತವೂ ಸೇರಿ 17 ದೇಶಗಳಲ್ಲಿ ನಡೆದ 'ಪ್ಯೂರ್' ಅಧ್ಯಯನದ 2011ರ ವರದಿಯಂತೆ, ಕಡಿಮೆ ವರಮಾನದ ದೇಶಗಳಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದವರಲ್ಲಿ ಶೇ 80ರಷ್ಟು ಜನ ಆಸ್ಪಿರಿನ್, ಬೀಟಾ ಬ್ಲಾಕರ್, ರಕ್ತದೊತ್ತಡದ ಮಾತ್ರೆ, ಸ್ಟಾಟಿನ್ ಇವುಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಇನ್ನು ಊರಿನ ವಿಷಯ. ಕಾರವಾರದಿಂದ ಉತ್ತರಕ್ಕೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು, ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಘಟ್ಟ ಹತ್ತಿದರೆ ಹುಬ್ಬಳ್ಳಿ. ಎದೆನೋವು ಬಂದವರನ್ನು ಕರೆದುಕೊಂಡು ಮನೆಯವರು ಓಡುವ ದಿಕ್ಕುಗಳು ಇವೇ. 2018ರಿಂದ ಗೋವಾ ಸರ್ಕಾರ ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸತೊಡಗಿದ ಮೇಲೆ ಬಾಂಬೋಳಿಯ ದಾರಿಯೂ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ 2022ರಲ್ಲಿ ದೊಡ್ಡ ದನಿಯಲ್ಲಿ ಕೇಳಿದ್ದು ಎಲ್ಲರಿಗೂ ನೆನಪಿದೆ. ನ್ಯಾಯವಾದ ಬೇಡಿಕೆ. ಆದರೆ ಅಲ್ಲಿ ಕೇಳಿಬಂದದ್ದು ಮೊದಲ ಕೆಲವು ಗಂಟೆಗಳ ಮಾತು. ಆಮೇಲಿನ ಹನ್ನೆರಡು ತಿಂಗಳ ಮಾತು ಹೆಚ್ಚು ಕೇಳಲಿಲ್ಲ.

ಸರ್ಕಾರದ ಯೋಜನೆಗಳಲ್ಲೂ ಇದೇ ಓರೆ ಇದೆ. 2017ರ ಫೆಬ್ರುವರಿಯಲ್ಲಿ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಬಿತ್ತು. 'ಪುನೀತ್ ರಾಜಕುಮಾರ್ ಹೃದಯ ಜ್ಯೋತಿ' ಯೋಜನೆ ಬಂದ ಮೇಲೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಸಿಗುವಂತಾಯಿತು. ಎರಡೂ ಜೀವ ಉಳಿಸುವ ಕೆಲಸಗಳು. ಆದರೆ ಆಯುಷ್ಮಾನ್ ಭಾರತ್ ನಿಯಮದಲ್ಲಿ ಬಿಡುಗಡೆಯ ನಂತರದ ಔಷಧಿ ಖರ್ಚಿಗೆ ಇರುವ ರಕ್ಷಣೆ 15 ದಿನ. ಹದಿನಾರನೆಯ ದಿನದಿಂದ ಮಾತ್ರೆಯ ಭಾರ ಮನೆಯ ಮೇಲೆ.

ಆ ಮನೆಗೆ ಬರುವ ಮಾತ್ರೆಯ ಪಟ್ಟಿಗಳನ್ನೇ ಒಮ್ಮೆ ಹತ್ತಿರದಿಂದ ನೋಡಬೇಕು. ಆಸ್ಪಿರಿನ್ನಿನ ಬ್ರಾಂಡಾದ ಇಕೋಸ್ಪ್ರಿನ್ 75ರ ಒಂದು ಪಟ್ಟಿಯಲ್ಲಿ 14 ಮಾತ್ರೆ. ಕ್ಲೋಪಿಡೊಗ್ರೆಲ್, ಅಟೋರ್ವಾಸ್ಟಾಟಿನ್, ಮೆಟೊಪ್ರೊಲಾಲ್ ಕಂಪನಿಯಿಂದ ಕಂಪನಿಗೆ 10 ಅಥವಾ 15ರ ಪಟ್ಟಿಯಲ್ಲಿ ಬರುತ್ತವೆ. ಒಂದೊಂದು ಪಟ್ಟಿ ತಂದು ಒಂದೇ ದಿನ ಶುರುಮಾಡಿದರೂ ಹತ್ತನೆಯ ದಿನ ಒಂದು ಮುಗಿಯುತ್ತದೆ, ಹದಿನಾಲ್ಕನೆಯ ದಿನ ಇನ್ನೊಂದು, ಮರುದಿನ ಮತ್ತೊಂದು. ಅಚವೆ, ಹಿಲ್ಲೂರಿನ ಕಡೆಯವರು ಇದಕ್ಕಾಗಿ ಬಸ್ಸು ಹಿಡಿದು ಅಂಕೋಲೆ ಪೇಟೆಗೆ ಎಷ್ಟು ಸಲ ಬರಬೇಕು? ನಾಲ್ಕರಲ್ಲಿ ಆಸ್ಪಿರಿನ್ ತೀರ ಅಗ್ಗ. ಕೈಯಲ್ಲಿ ದುಡ್ಡು ಕಡಿಮೆಯಿದ್ದ ದಿನ ಅದೊಂದನ್ನು ಕೊಂಡು 'ಹಾರ್ಟಿನ ಮಾತ್ರೆ ತಕ್ಕೊಳ್ತಾ ಇದ್ದೇನೆ' ಎಂದು ಸಮಾಧಾನಪಡುವುದು ಸಹಜ. ಮಣಿಪಾಲದ ಚೀಟಿಯಲ್ಲಿರುವ ಬ್ರಾಂಡು ಊರಿನ ಅಂಗಡಿಯಲ್ಲಿ ಇಲ್ಲದಿದ್ದರೆ ಇನ್ನೊಂದು ತೊಡಕು. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಸ್ಟಾಟಿನ್ ಮೂರೂ ಸೇರಿದ ಕ್ಯಾಪ್ಸೂಲು ಒಂದೆಡೆ, ಬಿಡಿಬಿಡಿ ಮಾತ್ರೆ ಇನ್ನೊಂದೆಡೆ; ಯಾವುದು ಯಾವುದರ ಬದಲಿಗೆ ಎಂದು ಬಿಡಿಸಿ ಹೇಳುವವರು ಬೇಕು. ಇಂಗ್ಲಿಷಿನಲ್ಲಿರುವ ಡಿಸ್ಚಾರ್ಜ್ ಸಾರಾಂಶ ಆ ಕೆಲಸ ಮಾಡುವುದಿಲ್ಲ.

ಮಳೆಗಾಲ ಬೇರೆಯದೇ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. 61 ದಿನ ಮೀನುಗಾರರ ಮನೆಗಳಲ್ಲಿ ಸಂಪಾದನೆ ನಿಂತಂತೆಯೇ. ಮಾತ್ರೆಯ ನಿಷ್ಠೆಯನ್ನು ಅಳೆಯಲು ಸಂಶೋಧಕರು ಬಳಸುವ ವಾಡಿಕೆಯ ಗೆರೆ ಶೇ 80: ನೂರು ದಿನಗಳಲ್ಲಿ ಎಂಬತ್ತು ದಿನದ ಮಾತ್ರೆ ಕೈಯಲ್ಲಿದ್ದರೆ ಪಾಸು. ದುಡ್ಡಿಲ್ಲದೆ ನಿಷೇಧದ 61 ದಿನವೂ ಕ್ಲೋಪಿಡೊಗ್ರೆಲ್ ಕೊಳ್ಳದೆ ಉಳಿದ 304 ದಿನ ತಪ್ಪದೆ ನುಂಗಿದ ಬೈತಖೋಲದ ಮೀನುಗಾರನೊಬ್ಬನನ್ನು ಕಲ್ಪಿಸಿಕೊಳ್ಳಿ. ವರ್ಷದ ಲೆಕ್ಕದಲ್ಲಿ ಅವನಿಗೆ ಸಿಗುವುದು ಶೇ 83. ಕಾಗದದ ಮೇಲೆ ಅವನು ನಿಷ್ಠಾವಂತ ರೋಗಿ. ಸ್ಟೆಂಟಿನ ಮಟ್ಟಿಗೆ ಎರಡು ತಿಂಗಳು ಕಾವಲಿಲ್ಲದವನು. ಈ ಕರಾವಳಿಯಲ್ಲಿ ಅಧ್ಯಯನ ಮಾಡುವವರು ವಾರ್ಷಿಕ ಸರಾಸರಿಯನ್ನು ಕೈಬಿಟ್ಟು ಸತತವಾಗಿ ಎಷ್ಟು ದಿನ ಮಾತ್ರೆ ತಪ್ಪಿತು, ಯಾವ ತಿಂಗಳಲ್ಲಿ ತಪ್ಪಿತು ಎಂದು ದಾಖಲಿಸಬೇಕು.

ರಸ್ತೆಯೂ ಇದೇ ಹೊತ್ತಿನಲ್ಲಿ ಕೈಕೊಡುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ದಕ್ಷಿಣದ ಹೆದ್ದಾರಿ ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಮೂರು ವಾರಗಳ ಅಂತರದಲ್ಲಿ ದಕ್ಷಿಣ, ಉತ್ತರ ಎರಡೂ ದಿಕ್ಕಿನ ಆಸ್ಪತ್ರೆಗಳ ದಾರಿಗೆ ಪೆಟ್ಟು. ಮರುತಪಾಸಣೆಗೆ ಬಂದಾಗಲೇ ಮುಂದಿನ ಚೀಟಿ ಎಂಬ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ.

ದಾರಿ ತೋರುವ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 14 ಆಸ್ಪತ್ರೆಗಳ 806 ರೋಗಿಗಳ ಮೇಲೆ ನಡೆಸಿದ 'ಸ್ಪ್ರೆಡ್' ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬೆನ್ನುಹತ್ತಿ ವಿಚಾರಿಸಿಕೊಂಡ ಗುಂಪಿನಲ್ಲಿ ವರ್ಷದ ಕೊನೆಗೆ ಮಾತ್ರೆ ಪಾಲಿಸಿದವರು ಶೇ 97, ಉಳಿದ ಗುಂಪಿನಲ್ಲಿ ಶೇ 92. ಅಂತರ ಸಣ್ಣದು; ಪ್ರಯೋಗಕ್ಕೆ ಸೇರಿದವರೆಲ್ಲ ಆಸ್ಪತ್ರೆಯ ನಿಗಾದಲ್ಲಿದ್ದುದು ಇದಕ್ಕೆ ಕಾರಣವಿರಬಹುದು. ಧೂಮಪಾನ ಬಿಟ್ಟವರ ಸಂಖ್ಯೆಯಲ್ಲಿ ಅಂತರ ದೊಡ್ಡದಾಗಿತ್ತು: ಶೇ 85 ಮತ್ತು ಶೇ 52. ಅಂಥ ನಿಗಾದಿಂದ ತಪ್ಪಿಹೋದ ರೋಗಿಗಳೇ ಹೆಚ್ಚಿರುವ ತಾಲ್ಲೂಕಿನಲ್ಲಿ ಇಂಥ ಕಾರ್ಯಕರ್ತೆಯಿಂದ ಹೆಚ್ಚಿನ ಫಲ ನಿರೀಕ್ಷಿಸಬಹುದೆಂಬುದು ನನ್ನ ಅಂದಾಜು.

ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಎರಡೂ ತಾಲ್ಲೂಕುಗಳ ಸ್ಟೆಂಟ್ ರೋಗಿಗಳ ಒಂದು ನೋಂದಣಿ ಪುಸ್ತಕ ಶುರುವಾಗಲಿ; ಎಲ್ಲೇ ಸ್ಟೆಂಟ್ ಹಾಕಿಸಿಕೊಂಡಿರಲಿ, ಹೆಸರು ಇಲ್ಲಿ ಬರಲಿ. ಮೇ ತಿಂಗಳಲ್ಲೇ 90 ದಿನದ ಮಾತ್ರೆಯನ್ನು ಒಟ್ಟಿಗೆ, ಉಚಿತವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕೊಡಲಿ. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಬಿಪಿ, ಶುಗರ್ ಜೊತೆಗೆ ಪಟ್ಟಿಯಲ್ಲಿ ಉಳಿದ ಮಾತ್ರೆಯನ್ನೂ ಎಣಿಸಲಿ, ಆ ಕೆಲಸಕ್ಕೆ ಅವಳಿಗೆ ಪ್ರತ್ಯೇಕ ಸಂಭಾವನೆ ಸಿಗಲಿ. ಓದುಗರ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ, ಹಲ್ಲು ಕೀಳಿಸುವ ಮೊದಲಾಗಲಿ ನಾಟಿ ಮದ್ದಿನ ಪಥ್ಯಕ್ಕಾಗಲಿ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎಂಬ ಆ ಎರಡು ಮಾತ್ರೆಗಳನ್ನು ಹೃದಯ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.