ವಿವಿಧ ವಿನೋದಾವಳಿಯ ಹಳೆಯ ಮನೆ

ನಮ್ಮ ಸಂಘಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿ. ಸ್ವಾಗತ, ವರದಿವಾಚನ, ಅಧ್ಯಕ್ಷ ಭಾಷಣ, ವಂದನಾರ್ಪಣೆಗಳೆಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ‘ವಿವಿಧ ವಿನೋದಾವಳಿ’ ಎಂದಿರುತ್ತದೆ. ಒಂದು ಹಾಡು, ಒಂದು ನೃತ್ಯ, ಒಂದು ನಗೆನಾಟಕ, ನಡುವೆ ಯಾರದಾದರೂ ಮಿಮಿಕ್ರಿ. ನಾವು ಕಾದು ಕುಳಿತಿರುವುದು ಈ ಸಾಲಿಗೇ ಎಂಬುದು ಅಧ್ಯಕ್ಷರಿಗೂ ಗೊತ್ತು! ಇಂತಹ ಬಿಡಿಬಿಡಿ ರಂಜನೆಯನ್ನೇ ಕಸುಬಾಗಿಸಿಕೊಂಡವರ ಕಥೆ ಲಂಡನ್ನಿನ ಮ್ಯೂಸಿಕ್ ಹಾಲ್‌ಗಳದು.

ಅದರ ಮೂಲದಲ್ಲಿ ಒಂದು ಕಾನೂನು ಇದೆ. 1843ರ ರಂಗಭೂಮಿ ಕಾಯಿದೆಯಂತೆ ನಾಟಕಶಾಲೆಯಲ್ಲಿ ನಾಟಕವಾಡಬಹುದು, ಆದರೆ ಪ್ರೇಕ್ಷಕರು ಕುಳಿತಲ್ಲಿ ಕುಡಿತ, ಧೂಮಪಾನ ಕೂಡದು. ಪಾನಗೃಹದಲ್ಲಿ ಕುಡಿಯಬಹುದು, ನಾಟಕ ಕೂಡದು. ಹಾಡು, ಹಾಸ್ಯಗಳಿಗೆ ಮಾತ್ರ ಅಲ್ಲಿ ದಾರಿ ಉಳಿಯಿತು. 1852ರಲ್ಲಿ ಚಾರ್ಲ್ಸ್ ಮಾರ್ಟನ್ ಎಂಬಾತ ಲ್ಯಾಂಬೆತ್‌ನಲ್ಲಿದ್ದ ತನ್ನ ಪಾನಗೃಹಕ್ಕೆ ಸೇರಿದಂತೆ ಕ್ಯಾಂಟರ್‌ಬರಿ ಹಾಲ್ ಕಟ್ಟಿಸಿ, ಹೆಂಗಸರಿಗೂ ಪ್ರವೇಶ ಕೊಟ್ಟ. ಜನ ಮೇಜುಗಳ ಸುತ್ತ ಉಣ್ಣುತ್ತ ಕುಡಿಯುತ್ತ ಕುಳಿತಿರುವಾಗ ‘ಛೇರ್ಮನ್’ ಸುತ್ತಿಗೆ ಕುಟ್ಟಿ ಮುಂದಿನ ಕಲಾವಿದರ ಹೆಸರು ಸಾರುತ್ತಿದ್ದ. ಪಲ್ಲವಿ ಬಂತೆಂದರೆ ಸಭೆಯೇ ದನಿಗೂಡಿಸುತ್ತಿತ್ತು. ಹಾಡುಗಳ ವಸ್ತುವೂ ಅವರ ಬದುಕೇ: ಅತ್ತೆಯ ಕಾಟ, ಗಿರವಿ ಅಂಗಡಿ, ಬಾಡಿಗೆ ಕೊಡಲಾಗದೆ ರಾತ್ರೋರಾತ್ರಿ ಮನೆ ಖಾಲಿಮಾಡುವುದು. ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1870ರ ದಶಕದ ಹೊತ್ತಿಗೆ ಲಂಡನ್ನಿನಲ್ಲಿ ಸಣ್ಣವು ದೊಡ್ಡವು ಸೇರಿ ಮುನ್ನೂರಕ್ಕೂ ಹೆಚ್ಚು ಹಾಲ್‌ಗಳಿದ್ದವು. ಬೆಂಕಿಯ ಭಯದಿಂದ 1878ರಲ್ಲಿ ಸುರಕ್ಷತೆಯ ಕಟ್ಟುನಿಟ್ಟಿನ ಕಾನೂನು ಬಂದಿತು. ಅದರ ಖರ್ಚು ತಾಳಲಾರದೆ ಅನೇಕ ಸಣ್ಣ ಹಾಲ್‌ಗಳು ಬಾಗಿಲು ಮುಚ್ಚಿದವು. ಮುಂದೆ ದೊಡ್ಡ ಬಂಡವಾಳದ ಕಂಪೆನಿಗಳು ಊರೂರಿಗೆ ಭವ್ಯ ‘ವೆರೈಟಿ’ ರಂಗಮಂದಿರಗಳನ್ನು ಕಟ್ಟಿದವು. 1904ರಲ್ಲಿ ತೆರೆದ ಲಂಡನ್ ಕೊಲಿಸಿಯಂನಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಆಸನಗಳು, ತಿರುಗುವ ರಂಗವೇದಿಕೆ. ಮೇಜುಗಳು ಹೋಗಿ ಕುರ್ಚಿಯ ಸಾಲುಗಳು ಬಂದವು, ಮನೆಯಂತಿದ್ದದ್ದು ಉದ್ಯಮವಾಯಿತು.

ಈ ಉದ್ಯಮದ ಭಾರ ಬಿದ್ದದ್ದು ಕಲಾವಿದರ ಮೇಲೆ. ಮಾಲೀಕರು ಹೆಚ್ಚಿನ ಸಂಬಳವಿಲ್ಲದೆ ಹೆಚ್ಚುವರಿ ಮಧ್ಯಾಹ್ನದ ಆಟಗಳನ್ನು ಕೇಳಿದರು. ಹತ್ತಿರದ ಬೇರೆ ಹಾಲ್‌ಗಳಲ್ಲಿ ಹಾಡಕೂಡದೆಂದು ಕರಾರು ಬರೆಸಿಕೊಂಡರು. 1907ರ ಜನವರಿಯಲ್ಲಿ ಕಲಾವಿದರು, ವಾದ್ಯಗಾರರು, ರಂಗದ ಕೆಲಸಗಾರರು ಒಟ್ಟಾಗಿ ಮುಷ್ಕರ ಹೂಡಿದರು. ಅವರೊಡನೆ ನಿಂತವರಲ್ಲಿ ಆ ಕಾಲದ ಮಹಾತಾರೆ ಮೇರಿ ಲಾಯ್ಡ್ ಒಬ್ಬಳು. ತನ್ನ ಷರತ್ತನ್ನು ತಾನೇ ಹೇಳಿ ಗೆಲ್ಲಬಲ್ಲವಳು ಅವಳು. ಆದರೂ ವಾರಕ್ಕೆ ಕೆಲವೇ ಷಿಲಿಂಗ್ ದುಡಿಯುವವರಿಗಾಗಿ ಬಾಗಿಲಲ್ಲಿ ನಿಂತಳು. ಕೊನೆಗೆ ಮಧ್ಯಸ್ಥಿಕೆಯಿಂದ ಕನಿಷ್ಠ ವೇತನ, ಕೆಲಸದ ವೇಳೆಯ ಮಿತಿ ದೊರೆತವು.

1912ರ ಜುಲೈ 1ರಂದು ಐದನೆಯ ಜಾರ್ಜ್ ದೊರೆಯ ಸಮ್ಮುಖದಲ್ಲಿ ವೆರೈಟಿ ಕಲಾವಿದರ ಪ್ರದರ್ಶನ ನಡೆಯಿತು. ಏಳು ತಿಂಗಳ ಹಿಂದೆ ದೆಹಲಿ ದರ್ಬಾರ್ ನಡೆಸಿದ ದೊರೆಯೇ ಅವನು. ಬೀದಿಯ ಕಲೆಗೆ ಅರಮನೆಯ ಮನ್ನಣೆ ಸಿಕ್ಕಿತು. ಆದರೆ ಅಲ್ಲಿ ಮೇರಿ ಲಾಯ್ಡ್‌ಗೆ ಕರೆಯಿರಲಿಲ್ಲ! ಅವಳ ತುಂಟತನ ಮರ್ಯಾದಸ್ಥರಿಗೆ ಹಿಡಿಸಿರಲಿಲ್ಲ. 1922ರ ಅಕ್ಟೋಬರಿನಲ್ಲಿ ರಂಗದ ಮೇಲೆ ಅವಳು ತತ್ತರಿಸಿದಾಗ, ಅದೂ ಅಭಿನಯವೆಂದು ಜನ ನಕ್ಕರು. ಕೆಲವೇ ದಿನಗಳಲ್ಲಿ ಅವಳು ತೀರಿಕೊಂಡಳು. ಅಂತಿಮಯಾತ್ರೆಗೆ ಸಹಸ್ರಾರು ಜನ ನೆರೆದರು.

ಅಷ್ಟರಲ್ಲಿ ಸಿನಿಮಾ ಬಂದಿತ್ತು. 1896ರಲ್ಲಿ ಲೂಮಿಯೇರ್ ಸೋದರರ ಚಲಚ್ಚಿತ್ರ ಲಂಡನ್ನಿನ ಎಂಪೈರ್ ವೆರೈಟಿ ರಂಗಮಂದಿರದಲ್ಲಿ ಕಾಣಿಸಿಕೊಂಡದ್ದು ಹಲವು ಸರದಿಗಳ ನಡುವಿನ ಒಂದಾಗಿ. ಅದೇ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿಗೂ ಅದು ಬಂದಿತು. ಅತಿಥಿಯಾಗಿ ಬಂದ ಸಿನಿಮಾ ಮನೆಯನ್ನೇ ತನ್ನದಾಗಿಸಿಕೊಂಡಿತು. ಆ ರಂಗದ ಮೇಲೆ ಬಾಲ್ಯದಿಂದ ಪಳಗಿದ ಚಾರ್ಲಿ ಚಾಪ್ಲಿನ್ ಸಿನಿಮಾದ ಚಕ್ರವರ್ತಿಯಾದ. ರೇಡಿಯೋ, ದೂರದರ್ಶನಗಳು ಉಳಿದದ್ದನ್ನು ಮುಗಿಸಿದವು. ಲಂಡನ್ನಿನ ಪೂರ್ವಭಾಗದ ವಿಲ್ಟನ್ಸ್‌ನಂತಹ ಕೆಲವು ಹಾಲ್‌ಗಳಲ್ಲಿ ಮಾತ್ರ ಇಂದಿಗೂ ಆಟಗಳು ನಡೆಯುತ್ತಿವೆ.

ನಮ್ಮ ವಿನೋದಾವಳಿಯಲ್ಲಿ ಹಾಡುವವರು ನಮ್ಮ ಮಕ್ಕಳೇ ಇರಬಹುದು. ಆದರೆ ತಬಲಾ ನುಡಿಸುವವರು, ಬಣ್ಣ ಹಚ್ಚುವವರು, ಪರದೆ ಎಳೆಯುವವರು ದುಡಿದು ಉಣ್ಣುವ ಜನ. ಈ ಸಲ ವಂದನಾರ್ಪಣೆಗೆ ಮೊದಲೇ ಅವರ ಸಂಭಾವನೆಯನ್ನು ಅವರ ಕೈಗಿಡೋಣ; ಆಮೇಲೆ ಚಪ್ಪಾಳೆ ತಟ್ಟೋಣ.