ಬಿಟ್ಟ ಬಂಡಲ್ಲು

‘ಶಿರಗುಪ್ಪಿ ದಾಟೇನ್ರಿ ಕಾಕಾ, ಇಪ್ಪತ್ತ ನಿಮಿಷದಾಗ ಅಣ್ಣಿಗೇರ್ಯಾಗ ಇರ್ತೇನಿ.’ ಹಿಂದಿನ ಸೀಟಿನ ಹುಡುಗ ಫೋನಿನಲ್ಲಿ ಹೀಗೆ ಹೇಳುವಾಗ ನಮ್ಮ ಗದಗಿನ ಬಸ್ಸು ಹುಬ್ಬಳ್ಳಿ ಸ್ಟ್ಯಾಂಡನ್ನೇ ಬಿಟ್ಟಿರಲಿಲ್ಲ. ಪಕ್ಕದವ ನಕ್ಕ: ‘ಏನ್ ಬಂಡಲ್ ಬಿಡ್ತೀಲೇ!’

ಶಿರಗುಪ್ಪಿ ನನ್ನೂರು. ಬಸ್ಸು ಹೊರಡುವ ಮೊದಲೇ ಅದನ್ನು ದಾಟಿಸಿಬಿಟ್ಟದ್ದಕ್ಕೆ ಸಿಟ್ಟು ಬರಬೇಕಿತ್ತು. ಬಹಳ ದಿನದ ಮೇಲೆ ‘ಬಂಡಲ್’ ಕಿವಿಗೆ ಬಿದ್ದ ಖುಷಿಯಲ್ಲಿ ಬರಲಿಲ್ಲ. ಈಗಿನವರ ಬಾಯಲ್ಲಿ ಎಲ್ಲವೂ ‘ಫೇಕ್’. ಸುದ್ದಿ ಫೇಕು, ಖಾತೆ ಫೇಕು, ನಗುವೂ ಫೇಕು. ನಮಗೆ ಹಾಗಲ್ಲ, ಕೋರ್ಟಿನಲ್ಲಿ ಹೇಳಿದ್ದು ಸುಳ್ಳು, ಕಟ್ಟೆಯ ಮೇಲೆ ಹೇಳಿದ್ದು ಬಂಡಲ್. ಕೇಳುವವನಿಗೂ ಗೊತ್ತು, ಆದರೂ ಕೇಳುತ್ತಾನೆ.

ತವರಿನಲ್ಲಿ ಈ ಶಬ್ದದ ಪಾಡು ಬೇರೆ. ಅಮೆರಿಕದವ ಬಂಡಲ್ ಮಾಡಿದನೆಂದರೆ ರೊಕ್ಕ ಗಳಿಸಿದ. ಆಸ್ಟ್ರೇಲಿಯಾದವ ಬಂಡಲ್ ಕೆಡವಿದನೆಂದರೆ ಕೈಚೆಲ್ಲಿ ಕೂತ. ಇಂಗ್ಲೆಂಡಿನ ಶಾಲೆಯ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಗುದ್ದಾಡಿದರೆ ಅದೂ ಬಂಡಲ್ಲೇ. ಸುಳ್ಳಿನ ಬಂಡಲ್ ಅವರಲ್ಲೂ ಉಂಟು, ಆದರೆ ‘ಸುಳ್ಳಿನ’ ಎಂದು ಬಿಡಿಸಿ ಹೇಳಬೇಕು. ನಮಗೆ ಬಂಡಲ್ ಅಂದರೆ ಸಾಕು. ಮೇಲಾಗಿ, ಕಟ್ಟಬೇಕಾದದ್ದನ್ನು ನಾವು ‘ಬಿಡುತ್ತೇವೆ’, ರೈಲು ಬಿಟ್ಟ ಹಾಗೆ, ರೀಲು ಬಿಟ್ಟ ಹಾಗೆ.

ಮರಾಠಿಯಲ್ಲೂ ಇದೆ, ಮುಂಬಯಿಯಿಂದ ಬಂದದ್ದು ಅನ್ನುವವರಿದ್ದಾರೆ. ಅನ್ನಲಿ. ನನ್ನ ವಾದ ಉಲ್ಟಾ: ನಮ್ಮ ಎರಿ ಹೊಲದ ಹತ್ತಿಯ ಸಂಗಡ ಇಲ್ಲಿಂದಲೇ ಅಲ್ಲಿಗೆ ಹೋಯಿತು. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿನ ಹತ್ತಿ ನಿಂತಿತು, ಇಲ್ಲಿನ ಧಾರಣಿ ಏರಿತು. ಬೆನ್ನಿಗೇ ಕಲಬೆರಕೆ: ಬೀಜ, ಮಣ್ಣು, ನೀರು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಮೇಲೊಂದು ಒಳಗೊಂದು ಇದ್ದ ಆ ಗಂಟೇ ಸುಳ್ಳಿಗೆ ಹೆಸರು ಕೊಟ್ಟಿತೆಂಬುದು ನನ್ನ ಸಿದ್ಧಾಂತ. ಪುರಾವೆ ಕೇಳಬೇಡಿ, ಸಾಕ್ಷಿ ಇದ್ದೇನೆ.

ಸಣ್ಣವನಿದ್ದಾಗ ಹತ್ತಿ ಅಂಡಗಿಯ ಮೇಲೆ ಕೂತು ಅಪ್ಪನ ಸಂಗಡ ಹುಬ್ಬಳ್ಳಿ ಪೇಟೆಗೆ ಹೋಗಿದ್ದೆ. ರಾತ್ರಿ ಇಬ್ಬನಿಗೆ ಹತ್ತಿ ಒಂದಿಷ್ಟು ತೂಕ ಹಿಡಿದಿತ್ತು. ಇಬ್ಬನಿ ಅಂದದ್ದು ಅಪ್ಪ. ದಲಾಲ ತೋಳು ಮಡಚಿ, ಅಂಡಗಿಯ ಹೊಲಿಗೆ ಬಿಚ್ಚಿ, ಮೊಳಕೈ ಮಟ ಕೈ ತೂರಿಸಿದ. ಕರು ಹಾಕಲಾರದ ಎಮ್ಮೆಗೆ ಕೈ ಹಾಕಿದ ದನದ ಡಾಕ್ಟರನ ಹಾಗೆ ಕಣ್ಣು ಮುಚ್ಚಿ ತಡಕಾಡಿದ. ಒಂದು ಮುಷ್ಟಿ ಎಳೆದು ಅಪ್ಪನ ಮೂಗಿನ ಮುಂದೆ ಹಿಡಿದ. ಒಣ ಎಲೆ, ಸಿಪ್ಪೆ, ಕರೆಗಟ್ಟಿದ ಹತ್ತಿ.

‘ಗೌಡ್ರ, ಮ್ಯಾಲಿನ ಹತ್ತಿ ನಿಮ್ಮ ಹೊಲದ್ದು. ಇದು ಯಾರ ಹೊಲದ್ದರಿ?’

‘ಆಳು ತುಂಬ್ಯಾವ್ರಿ, ನಾ ನೋಡಿಲ್ಲ’ ಅಂದ ಅಪ್ಪ. ಹಿಂದಿನ ರಾತ್ರಿ ಅಂಡಗಿಯೊಳಗೆ ಇಳಿದು ಅದನ್ನು ತುಳಿದವ ನಾನು, ಕಂದೀಲು ಹಿಡಿದು ನಿಂತವ ಅಪ್ಪ. ದಲಾಲ ನನ್ನ ಕಾಲಿನ ಕಡೆ ನೋಡಿದನೇ ಹೊರತು ಮಾತಾಡಲಿಲ್ಲ.

ಧಾರಣಿ ಇಳಿಯಿತು. ವಾಪಸ್ ಬರುವಾಗ ಅಪ್ಪ ಒಂದು ಬೀಡಿ ಬಂಡಲ್ ಕೊಂಡ. ಅಂಗಡಿಯ ಮುಂದೆಯೇ ದಾರ ಬಿಚ್ಚಿ ಎಣಿಸಿದ. 25 ಇರಬೇಕು. 24 ಇದ್ದವು. ಮತ್ತೊಮ್ಮೆ ಎಣಿಸಿದ.