ಜೋಡಿಸಲೆಂದೇ ಹುಟ್ಟಿದ ಸ್ಕ್ರೂ

ಹಳೆಯ ಯಮಹಾ ಆರ್‌ಎಕ್ಸ್ 100 ಬೈಕಿನ ಎಂಜಿನ್ ಬಿಚ್ಚುವವರಿಗೆ ಮೊದಲ ತೊಡಕು ಎದುರಾಗುವುದು ಎಂಜಿನ್ನಿನ ಒಳಗಲ್ಲ, ಕವರಿನ ಸುತ್ತ ಇರುವ ಸ್ಟಾರ್ ಸ್ಕ್ರೂಗಳಲ್ಲಿ. ಒಂದೆರಡು ಸಲೀಸಾಗಿ ಬರುತ್ತವೆ. ಮತ್ತೊಂದರ ತಲೆಯಲ್ಲಿ ಸ್ಕ್ರೂಡ್ರೈವರ್ ಜಾರುತ್ತದೆ. ಹಟ ಹಿಡಿದು ಇನ್ನೆರಡು ಸಲ ತಿರುಗಿಸಿದರೆ ನಾಲ್ಕು ರೆಕ್ಕೆಯ ಗುಳಿ ದುಂಡನೆಯ ತೂತಾಗಿಬಿಡುತ್ತದೆ. ಆಮೇಲಿನದು ಉಳಿ, ಸುತ್ತಿಗೆ, ಡ್ರಿಲ್ಲುಗಳ ಕೆಲಸ. ಗ್ಯಾರೇಜುಗಳಲ್ಲಿ ಇದಕ್ಕೆ ಎರಡು ಸಿದ್ಧ ವಿವರಣೆಗಳುಂಟು: ಹಿಂದೆ ಕೈ ಹಾಕಿದ ಮೆಕ್ಯಾನಿಕ್ಕಿನ ತಪ್ಪು, ಇಲ್ಲವೇ ತುಕ್ಕು. ಎರಡರಲ್ಲೂ ಸತ್ಯವಿದೆ. ಆದರೆ ಸ್ಕ್ರೂವಿನ ತಲೆ ಈಗಿನ ಆಕಾರಕ್ಕೆ ಹೇಗೆ ಬಂತೆಂದು ನೋಡುತ್ತ ಹೋದರೆ ಹೊಣೆಯ ದೊಡ್ಡ ಪಾಲು ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಆ ಆಕಾರವನ್ನು ಆರಿಸಿದವರ ಕಣ್ಣೆದುರು ಇದ್ದದ್ದು ಜೋಡಿಸುವವನ ಅವಸರ. ಮೂವತ್ತು ವರ್ಷದ ನಂತರ ಬಿಚ್ಚುವವನು ಅವರ ಲೆಕ್ಕದಲ್ಲೇ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಎಂಜಿನಿಯರುಗಳು ತಲೆ ಕೆಡಿಸಿಕೊಂಡದ್ದು ಸ್ಕ್ರೂವಿನ ಮೈಯ ಬಗ್ಗೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್ಡಿನ ಕೋನ 55 ಡಿಗ್ರಿ ಇರಬೇಕೆಂದೂ, ಇಂತಿಷ್ಟು ದಪ್ಪಕ್ಕೆ ಇಂತಿಷ್ಟೇ ಸುತ್ತು ಎಂದೂ ಸೂಚಿಸಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ಅದನ್ನು ಬಿಟ್ಟು 60 ಡಿಗ್ರಿಯ ಪಟ್ಟು ಹಿಡಿದ. ತಲೆಯ ಮೇಲೆ ಮಾತ್ರ ಅದೇ ಹಳೆಯ ಒಂಟಿ ಗೀರು. ಗೀರಿನಲ್ಲಿ ಸ್ಕ್ರೂಡ್ರೈವರ್ ಪಕ್ಕಕ್ಕೆ ಜಾರುತ್ತದೆ, ಅಂಚು ಕಿತ್ತುಹೋಗುತ್ತದೆ. ಆದರೂ ಅದಕ್ಕೊಂದು ದೊಡ್ಡ ಗುಣವಿತ್ತು: ಅಂಚು ಹಾಳಾದರೆ ಹ್ಯಾಕ್ಸಾ ಬ್ಲೇಡಿನಿಂದ ಅದೇ ತಲೆಯ ಮೇಲೆ ಹೊಸ ಗೀರು ಎಳೆಯಬಹುದು. ಚೆಕೊಸ್ಲೊವಾಕಿಯಾದ ವಿನ್ಯಾಸ ತಂದು 1960ರ ದಶಕದ ಆರಂಭದಿಂದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ತಯಾರಿಸಿದ ಜಾವಾ ಬೈಕುಗಳ ಎಂಜಿನ್ ಕವರಿಗೆ ಇಂಥ ಗೀರುತಲೆಯ ಸ್ಕ್ರೂಗಳೇ ಇದ್ದವು. ಅವೂ ಹಟ ಮಾಡುತ್ತಿದ್ದವು, ಆದರೆ ಬಿಚ್ಚುವವನಿಗೆ ಎರಡನೆಯ ಅವಕಾಶ ಕೊಡುತ್ತಿದ್ದವು.

ಗೀರಿಗೆ ನಿಜವಾದ ಶತ್ರುವಾದದ್ದು ಸಾಲಿನಲ್ಲಿ ಕಾರು ಜೋಡಿಸುವ ಪದ್ಧತಿ. ಕೆನಡಾದ ಪಿ.ಎಲ್. ರಾಬರ್ಟ್‌ಸನ್ 1908ರ ಸುಮಾರಿಗೆ ಚೌಕ ಗುಳಿಯ ಸ್ಕ್ರೂ ರೂಪಿಸಿ, ಒಂಟೇರಿಯೊದ ಮಿಲ್ಟನ್ ಊರಿನಲ್ಲಿ ಅದರ ಕಾರ್ಖಾನೆ ಹಾಕಿದ. ಸ್ಕ್ರೂಡ್ರೈವರಿನ ತುದಿಗೆ ಸಿಕ್ಕಿಸಿದರೆ ಬೀಳದೆ ನಿಲ್ಲುವ, ಒತ್ತಿ ತಿರುಗಿಸಿದರೂ ಜಾರದ ಸ್ಕ್ರೂ ಅದು. ಕೆನಡಾದಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿನ ಮರದ ಬಾಡಿ ಕಟ್ಟುವವರು ಅದನ್ನು ಬಳಸಿ ಸಮಯ, ಹಣ ಎರಡನ್ನೂ ಉಳಿಸಿದರು. ಹೆನ್ರಿ ಫೋರ್ಡ್ ಆ ಸ್ಕ್ರೂವಿನ ತಯಾರಿಕೆಯ ಮೇಲೆ ಹಿಡಿತ ಕೇಳಿದ. ಪರವಾನಗಿ ಕೊಟ್ಟು ಹಿಂದೊಮ್ಮೆ ಪೆಟ್ಟು ತಿಂದಿದ್ದ ರಾಬರ್ಟ್‌ಸನ್ ಒಪ್ಪಲಿಲ್ಲ. ಮಾತುಕತೆ ಮುರಿಯಿತು. ಆ ಖಾಲಿ ಜಾಗಕ್ಕೆ ಬಂದವನು ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್. ಜಾನ್ ಥಾಂಪ್ಸನ್ ಎಂಬಾತನ ನಾಲ್ಕು ರೆಕ್ಕೆಯ ಗುಳಿಯ ಕಲ್ಪನೆಯನ್ನು ಕೊಂಡು ತಿದ್ದಿ, 1936ರಲ್ಲಿ ಪೇಟೆಂಟ್ ಪಡೆದು, ಅಮೆರಿಕನ್ ಸ್ಕ್ರೂ ಕಂಪನಿಯನ್ನು ತಯಾರಿಕೆಗೆ ಒಪ್ಪಿಸಿದ. ಕ್ಯಾಡಿಲಾಕ್ ಕಾರಿನ ಜೋಡಣೆಗೆ ಜನರಲ್ ಮೋಟಾರ್ಸ್ ಅದನ್ನು ತೆಗೆದುಕೊಂಡಿತು. ಫಿಲಿಪ್ಸ್ ಬಿಗಿಹಿಡಿತ ಬಯಸದೆ ಕೇಳಿದವರಿಗೆಲ್ಲ ಪರವಾನಗಿ ಕೊಟ್ಟ. 1940ರ ಹೊತ್ತಿಗೆ ಅಮೆರಿಕದ ಬಹುಪಾಲು ಸ್ಕ್ರೂ ತಯಾರಕರು ಅವನ ಮಾದರಿಯನ್ನು ಮಾಡುತ್ತಿದ್ದರು. ಎರಡರಲ್ಲಿ ಹೆಚ್ಚು ಕಾಲ ಬಿಚ್ಚಿ ಹಾಕಲು ತಕ್ಕದ್ದು ಚೌಕವೇ. ಆದರೆ ಗೆದ್ದದ್ದು ಮೊನೆಯಾದ ತುದಿ ತಾನಾಗಿ ನಡುವಿಗೆ ಬಂದು ಕೂರುವ, ಮೋಟಾರಿನ ಡ್ರೈವರಿಗೆ ಹೊಂದುವ, ಪರವಾನಗಿ ಸುಲಭವಾಗಿ ಸಿಗುವ ಸ್ಕ್ರೂ. ಈ ಮೂರೂ ಕಾರ್ಖಾನೆಗೆ ಬೇಕಾದ ಗುಣಗಳು.

ಇಲ್ಲೊಂದು ಜನಪ್ರಿಯ ಮಾತನ್ನು ಎದುರಿಸಬೇಕು. ಅತಿಯಾಗಿ ಬಿಗಿಯಾಗದಿರಲಿ ಎಂದು ಫಿಲಿಪ್ಸ್ ತಲೆಯನ್ನು ಬೇಕೆಂದೇ ಜಾರುವಂತೆ ಮಾಡಿದರು, ಆದ್ದರಿಂದ ಜಾರುವುದು ದೋಷವಲ್ಲ ಎನ್ನುತ್ತಾರೆ. 1936ರ ಪೇಟೆಂಟುಗಳು ಅಂಥ ಉದ್ದೇಶವನ್ನು ಹೇಳಿಕೊಳ್ಳುವುದಿಲ್ಲ. ಜಾರುವಿಕೆಯನ್ನು ಅನುಕೂಲವೆಂದು ಕಾಣುವ ಬರಹ ಬರುವುದು 1949ರಲ್ಲಿ ಮಂಜೂರಾದ, ಅದೇ ಅಮೆರಿಕನ್ ಸ್ಕ್ರೂ ಕಂಪನಿಯ ಇನ್ನೊಂದು ಪೇಟೆಂಟಿನಲ್ಲಿ. ಅಂದರೆ ಗುಳಿಯ ಇಳಿಜಾರು ಗೋಡೆಯಿಂದ ತಾನಾಗಿ ಬಂದ ಗುಣಕ್ಕೆ ಆಮೇಲೆ ಸಮರ್ಥನೆ ಸಿಕ್ಕಿತು ಎಂದು ಓದುವುದೇ ಸರಿ. ಬೇಕೆಂದೇ ಮಾಡಿದ್ದರು ಎಂದು ಒಪ್ಪಿದರೂ ನನ್ನ ವಾದಕ್ಕೆ ನಷ್ಟವಿಲ್ಲ. ಬಿಗಿ ಮಾಡುವಾಗ ಜಾರಿದರೆ ಕಾರ್ಖಾನೆಗೆ ಲಾಭ; ಅದೇ ಇಳಿಜಾರು ಬಿಚ್ಚುವಾಗಲೂ ಮೊನೆಯನ್ನು ಮೇಲಕ್ಕೆ ತಳ್ಳುತ್ತದೆ, ಆಗ ನಷ್ಟ ಮೆಕ್ಯಾನಿಕ್ಕಿನದು.

ಎರಡನೆಯ ಮಹಾಯುದ್ಧದ ನಂತರ ಜಪಾನಿನ ಬೈಕು ತಯಾರಕರೂ ನಾಲ್ಕು ರೆಕ್ಕೆಯ ಗುಳಿಯನ್ನೇ ಹಿಡಿದರು, ಆದರೆ ತಮ್ಮ ಜೆಐಎಸ್ ಮಾನಕದ ಅಳತೆಗೆ. ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ತುದಿಯಲ್ಲಿ: ಫಿಲಿಪ್ಸ್ ಮೊನೆಯ ರೆಕ್ಕೆಗಳ ನಡುವಿನ ಮೂಲೆ ಹೆಚ್ಚು ದುಂಡು. ಜಪಾನೀ ಗುಳಿಯಲ್ಲಿ ಅದು ತಳಕ್ಕೆ ಇಳಿಯುವ ಮೊದಲೇ ತಡೆದು ನಿಲ್ಲುತ್ತದೆ. ಪೂರ್ತಿ ಕೂರದ ಮೊನೆ ಅಂಚನ್ನಷ್ಟೇ ಕಚ್ಚಿ ಹರಿಯುತ್ತದೆ. ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇದ್ದರೆ ಅದು ಸಾಮಾನ್ಯವಾಗಿ ಜಪಾನೀ ಸ್ಕ್ರೂ. 1984ರಲ್ಲಿ ನಮ್ಮ ಗಡಿಯ ಪಕ್ಕದ ಹೊಸೂರಿನಿಂದ ಇಂಡ್-ಸುಜುಕಿ, ಮರುವರ್ಷ ಎಸ್ಕಾರ್ಟ್ಸ್ ಕಂಪನಿಯಿಂದ ಆರ್‌ಎಕ್ಸ್ 100 ಬಂದಾಗ ಎಂಜಿನ್ ಜೊತೆಗೆ ಜಪಾನೀ ಸ್ಕ್ರೂವಿನ ಸಂಪ್ರದಾಯವೂ ಬಂತು. ಆ ಚುಕ್ಕೆಯ ಅರ್ಥ ಮಾತ್ರ ಬರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟಾರ್ ಸ್ಕ್ರೂಡ್ರೈವರ್ ಕೇಳಿದರೆ ಸಿಗುತ್ತಿದ್ದದ್ದು ಒಂದೇ ಬಗೆ. ಜಾವಾ, ಬುಲೆಟ್ ಬಿಚ್ಚಿ ಪಳಗಿದ ಕೈ ಇಲ್ಲಿ ಸೋತಿದ್ದರೆ ಅದನ್ನು ಕೈಯ ದೋಷ ಎನ್ನುವುದು ಅನ್ಯಾಯ.

ತುಕ್ಕಿನ ಮಾತು ಹೆಚ್ಚು ಗಟ್ಟಿಯಾದ ಆಕ್ಷೇಪ. ಅಲ್ಯೂಮಿನಿಯಂ ಕವರು, ಉಕ್ಕಿನ ಸ್ಕ್ರೂ, ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಥ್ರೆಡ್ಡನ್ನು ಬೆಣೆಯಂತೆ ಬಿಗಿಯುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಆದರೆ ತುಕ್ಕು ಹಿಡಿಯುವುದು ಥ್ರೆಡ್ಡನ್ನು, ಸೋಲುವುದು ತಲೆ. ಇದನ್ನು ಗ್ಯಾರೇಜಿನ ಉಪಾಯಗಳೇ ಹೇಳುತ್ತವೆ. ಎಣ್ಣೆ ಬಿಟ್ಟು ಕಾಯುವುದು, ಬೆಂಕಿ ತೋರಿಸುವುದು ಥ್ರೆಡ್ಡಿಗೆ ಮಾಡುವ ಚಿಕಿತ್ಸೆ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಇಂಪ್ಯಾಕ್ಟ್ ಡ್ರೈವರ್ ಎಂಬ ದಪ್ಪ ಉಪಕರಣದ ಕೆಲಸ ಬೇರೆ. ಅದರ ಬೆನ್ನಿಗೆ ಸುತ್ತಿಗೆಯ ಪೆಟ್ಟು ಬಿದ್ದಾಗ ಮೊನೆ ಒಳಕ್ಕೆ ಒತ್ತಿಕೊಂಡು, ಅದೇ ಕ್ಷಣದಲ್ಲಿ ತಿರುಗುತ್ತದೆ. ಮೊನೆಯನ್ನು ಹೊರದಬ್ಬುವ ಇಳಿಜಾರಿನ ವಿರುದ್ಧವೇ ಆ ಪೆಟ್ಟು. ವಾಲ್ವ್ ಉಜ್ಜುವ ಪೇಸ್ಟನ್ನು ತುದಿಗೆ ಸವರುವುದು, ಸವೆದ ತಲೆಯ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ಸ್ಪ್ಯಾನರ್ ಹಾಕುವುದು, ಉಳಿಯ ಮೊನೆಯಿಂದ ತಲೆಯ ಅಂಚನ್ನು ಎಡಕ್ಕೆ ಹೊಡೆಯುವುದು, ಇವೂ ತಲೆ ಕೊಡದ ಹಿಡಿತವನ್ನು ಹೊರಗಿನಿಂದ ತಂದುಕೊಡುವ ದಾರಿಗಳು. ಇವ್ಯಾವುದೂ ಆಗದಾಗ ಡ್ರಿಲ್ಲಿನಿಂದ ತಲೆ ಹಾರಿಸುತ್ತಾರೆ. ಕವರು ಬಂದ ಮೇಲೆ ಉಳಿದ ಮೋಟು ಎಷ್ಟೋ ಸಲ ಪ್ಲೈಯರಿಗೇ ಸಿಕ್ಕಿ ಬರುತ್ತದೆ, ಬಿಗಿತದ ಒಂದು ಪಾಲು ತಲೆಯ ಅಡಿಯಲ್ಲೇ ಇದ್ದುದರಿಂದ.

ಕಾರ್ಖಾನೆಗಳೇ ಇದನ್ನು ತಿದ್ದಿಕೊಂಡವಲ್ಲ ಎಂದು ಕೇಳಬಹುದು. ತಿದ್ದಿಕೊಂಡವು, ಆದರೆ ನಿಧಾನವಾಗಿ. 1970ರ ದಶಕದಲ್ಲೇ ಬ್ರಿಟನ್, ಅಮೆರಿಕಗಳ ಬೈಕು ಮಾಲೀಕರು ಜಪಾನೀ ಎಂಜಿನ್ ಕವರಿಗೆ ಅಲೆನ್ ಬೋಲ್ಟಿನ ಸೆಟ್ ಬೇರೆಯಾಗಿ ಕೊಂಡು ಹಾಕಿಕೊಳ್ಳುತ್ತಿದ್ದರು. ನಮ್ಮಲ್ಲಿ ಆರ್‌ಎಕ್ಸ್ ಮಾಲೀಕರು ಇಂದಿಗೂ ಅದನ್ನೇ ಮಾಡುತ್ತಾರೆ. ಕಂಪನಿಗಳು ಆರು ಮೂಲೆಯ ತಲೆಯ ಬೋಲ್ಟಿಗೆ ಹೊರಳಿದ್ದು ಬಳಕೆದಾರರ ಹಿಂದೆ, ಮುಂದಲ್ಲ. ಜಾರುವಿಕೆಯನ್ನು ಬಹುಮಟ್ಟಿಗೆ ನಿವಾರಿಸಿದ ಆರು ಎಸಳಿನ ಟಾರ್ಕ್ಸ್ ತಲೆ 1967ರಲ್ಲಿ ಅಮೆರಿಕದ ಕ್ಯಾಮ್‌ಕಾರ್ ಕಂಪನಿಯಿಂದ ಬಂತು. ಅದರ ಹಿಂದಿದ್ದದ್ದೂ ಯಂತ್ರದ ಡ್ರೈವರು ಬೇಗ ಸವೆಯದೆ ಸರಿಯಾದ ಬಿಗಿತ ಕೊಡಲಿ ಎಂಬ ಜೋಡಣೆಯ ಅಗತ್ಯವೇ. ರಿಪೇರಿಯವನಿಗೆ ಸಿಕ್ಕ ಅನುಕೂಲ ಅದರ ಜೊತೆಗೆ ಬಂದದ್ದು. ಅದೇ ತಲೆಯ ನಡುವೆ ಒಂದು ಮೊಳೆ ನಿಲ್ಲಿಸಿ, ಸಾಮಾನ್ಯ ಕೀಲಿ ಒಳಹೋಗದಂತೆ ಮಾಡಿದ ಮಾದರಿಯೂ ಆಮೇಲೆ ಮಾರುಕಟ್ಟೆಗೆ ಬಂತು. ಅದನ್ನು ಬಿಚ್ಚಲು ನಡುವೆ ತೂತಿರುವ ಬೇರೆಯೇ ಬಿಟ್ ಬೇಕು.